ಕೆಳಗಿನಾಕಿಯ ಸಿಂಬಿ

ನನ್ನ ಹೊಲಿಗೆಯ ಡಬ್ಬಿಯಲ್ಲಿ, ಗುಂಡಿ ಹುಕ್ಕುಗಳ ಅಡಿಯಲ್ಲಿ, ಒಂದು ಸಿಂಬಿ ಇದೆ. ಕೊಡ ಹೊರುವ ಹೆಂಗಸರು ತಲೆಯ ಮೇಲಿಟ್ಟುಕೊಳ್ಳುವ ಬಟ್ಟೆಯ ಸುರುಳಿಯನ್ನು ನೀವು ಕಂಡೇ ಇರುತ್ತೀರಿ. ಆದರೆ ಇದನ್ನು ಕಂಡರೆ ಹುಬ್ಬೇರಿಸುತ್ತೀರಿ. ಅಂಗೈಯೊಳಗೆ ಅಡಗಿಬಿಡುವಷ್ಟು ಚಿಕ್ಕದು. ಯಾವ ಕೊಡಕ್ಕೂ ಸಾಲದು, ಯಾವ ತಲೆಗೂ ಒಗ್ಗದು.

ಬಾಗಲಕೋಟೆಯ ಕಡೆಯ ನಮ್ಮ ಮನೆಯಲ್ಲಿ ಅವ್ವ ಹಳೆಯ ಸೀರೆ ಹರಿದು ಇಂಥವನ್ನು ಬಿಗಿಯಾಗಿ ಸುತ್ತಿ, ಹೊಲಿದು, ಕುದಿಸಿ, ಬಿಸಿಲಿಗಿಡದೆ ಒಲೆಯ ಹಿಂದಿನ ಕತ್ತಲಲ್ಲಿ ಒಣಗಿಸುತ್ತಿದ್ದಳು. "ಯವ್ವಾ, ಇದು ಯಾರ ತಲೀಗೆ?" ಎಂದು ಒಮ್ಮೆ ಕೇಳಿದೆ. "ಕೆಳಗಿನಾಕೀಗೆ" ಎಂದಳು, ನಗದೆ. ನಮ್ಮ ಪಡಸಾಲೆಯ ಅಡಿಯಲ್ಲಿ ಜೋಳ ತುಂಬಿಡುವ ಹಗೇವು ಇತ್ತು. ಆ ನೆಲದಡಿಯ ಕತ್ತಲಲ್ಲಿ ಹಿಡಿಗಾತ್ರದ ತಲೆಯ ಹೆಂಗಸೊಬ್ಬಳು ನಮ್ಮ ಮನೆಯನ್ನೇ ಹೊತ್ತು ನಿಂತಿದ್ದಾಳೆಂದು ನಾನು ನಂಬಿದೆ. ಅವ್ವ ರೊಟ್ಟಿ ಬಡಿಯುತ್ತಲೇ ತಟ್ಟನೆ ಕೈ ನಿಲ್ಲಿಸಿ, ಕಿಬ್ಬೊಟ್ಟೆ ಒತ್ತಿಕೊಂಡು, "ಸುಮ್ನಿರವಾ, ಇಳೀಬ್ಯಾಡ" ಎಂದು ಪಿಸುಗುಡುವಾಗ ನಾನು ಕಾಲುಗಳನ್ನು ನೆಲದಿಂದ ಮೇಲೆಳೆದುಕೊಳ್ಳುತ್ತಿದ್ದೆ. ಹಗೇವಿನ ಮುಚ್ಚಳವನ್ನು ನಾನು ಯಾವತ್ತೂ ಓಡಿಯೇ ದಾಟಿದವಳು.

ಎರಡು ಸಾವಿರದ ಇಸವಿ ದಾಟುವ ಹೊತ್ತಿಗೆ ನಾವು ತಿರುವನಂತಪುರಕ್ಕೆ ಬಂದು ಕೆಲವು ವರ್ಷಗಳಾಗಿದ್ದವು. ನನ್ನ ಗಂಡನಿಗೆ ರಾಕೆಟ್ಟುಗಳನ್ನು ಮೇಲಕ್ಕೆ ಕಳಿಸುವ ಸಂಸ್ಥೆಯಲ್ಲಿ ಕೆಲಸ. ನನ್ನೊಳಗೋ ಎಲ್ಲವೂ ಕೆಳಕ್ಕಿಳಿಯತೊಡಗಿತ್ತು. ಸಂಜೆಯಾದರೆ ನೂಲಿನ ಉಂಡೆಯ ಮೇಲೆ ಕೂತಂತೆ, ಕೆಮ್ಮಿದರೆ ಏನೋ ಜಾರಿ ಹೊರಗೆ ಇಣುಕಿದಂತೆ. ಯಾರಿಗೆ ಹೇಳುವುದು? ನಾಚಿಕೆ ಎಂಬುದು ಸುಡುಗಾಡಿನವರೆಗೂ ಬಿಡುವುದಿಲ್ಲ ನೋಡಿ. ಒಂದು ಮಧ್ಯಾಹ್ನ ಒಲೆಯ ಮುಂದೆ "ಸುಮ್ನಿರವಾ, ಇಳೀಬ್ಯಾಡ" ಎಂಬ ಮಾತು ಕೇಳಿ ಹಿಂದಿರುಗಿ ನೋಡಿದೆ. ಯಾರೂ ಇರಲಿಲ್ಲ. ಆಡಿದವಳು ನಾನೇ, ದನಿ ಮಾತ್ರ ತೀರಿಹೋದ ಅವ್ವನದು. ಅಂದೇ ಗಂಡನಿಗೆ ಅರ್ಧ ಹೇಳಿದೆ, ಅರ್ಧ ನುಂಗಿದೆ.

ರೈಲು ಹತ್ತಿ ಎರ್ನಾಕುಲಂನ ಒಬ್ಬ ವೈದ್ಯೆಯ ಬಳಿಗೆ ಹೋದೆವು. ಗರ್ಭಕೋಶ ಜಾರಿದೆ ಎಂದರು ಆಕೆ. ಎತ್ತಿ ಹೊಲಿಯುವುದು ದೊಡ್ಡದಲ್ಲ, ಯಾರಲ್ಲಿ ಅದು ನಿಲ್ಲುತ್ತದೆ, ಯಾರಲ್ಲಿ ಮತ್ತೆ ಇಳಿಯುತ್ತದೆ ಎಂದು ಮೊದಲೇ ಅಂದಾಜು ಮಾಡುವುದೇ ಕಷ್ಟ ಎಂದು ವಿವರಿಸಿದರು. ಹೆರಿಗೆಗಳೆಷ್ಟು, ಭಾರ ಎತ್ತಿದ್ದೆಷ್ಟು, ಕೆಮ್ಮು ಎಷ್ಟು ದಿನದ್ದು ಎಂದೆಲ್ಲ ಇಂಗ್ಲಿಷಿನಲ್ಲಿ ಕೇಳಿದರು, ಗಂಡ ಕನ್ನಡಕ್ಕೆ ತಿರುಗಿಸಿದ. ಕೊನೆಗೆ, "ನಿಮ್ಮವ್ವಗ ಇದು ಇತ್ತೇನು ಅಂತ ಕೇಳ್ತಾರ." ನಾನು ಇಲ್ಲವೆಂದೆ. ಆಕೆ ಬರೆದುಕೊಂಡರು. ಆಮೇಲೆ, ಆಪರೇಷನ್ ಒಲ್ಲದವರಿಗೆ ಒಳಗಿಟ್ಟು ಆನಿಸುವುದು ಇದು ಎನ್ನುತ್ತ ಡ್ರಾಯರಿನಿಂದ ಒಂದು ರಬ್ಬರಿನ ಬಳೆ ತೆಗೆದು ಮೇಜಿನ ಮೇಲಿಟ್ಟರು.

ಅಂಗೈಯಗಲದ ಬಳೆ, ಅವ್ವನ ಸಿಂಬಿಯದೇ ಅಳತೆ. ನಲವತ್ತು ವರ್ಷದ ಹಿಂದಿನ ಹಗೇವಿನ ಮುಚ್ಚಳ ಯಾರೋ ಒಳಗಿನಿಂದ ಸರಿಸಿದಂತಾಯಿತು. ಕೆಳಗಿನಾಕಿ ಹಗೇವಿನಲ್ಲಿರಲಿಲ್ಲ, ಅವ್ವನೊಳಗೇ ಇದ್ದಳು. ಈಗ ನನ್ನೊಳಗೆ. ಆದರೂ 'ಇಲ್ಲ' ಎಂದದ್ದನ್ನು ತಿದ್ದದೆ ಎದ್ದು ಹೊರಗೆ ಬಂದೆ.

ಹೊರಗೆ ನರ್ಸಮ್ಮ ಬಿಳಿ ಹಾಳೆ ಕೊಟ್ಟು, "ಚೇಚೀ, ಒರು ಅಪೇಕ್ಷ ಎಳುದಣಂ" ಎಂದಳು, ಅಕ್ಕಾ, ಒಂದು ಅಪೇಕ್ಷೆ ಬರೆಯಬೇಕು ಎಂದು. ಮಲಯಾಳದಲ್ಲಿ ಅಪೇಕ್ಷೆಯೆಂದರೆ ಅರ್ಜಿ. ಪರೀಕ್ಷೆಗೆಂದು ಆ ರಾತ್ರಿ ನನ್ನನ್ನು ಅಲ್ಲೇ ಇರಿಸಿಕೊಳ್ಳಲಿದ್ದರು, ಜೊತೆಗೊಬ್ಬರು ಉಳಿಯಲು ಅರ್ಜಿ ಬೇಕಿತ್ತಂತೆ. ನನಗೆ ತಿಳಿದದ್ದು ಕನ್ನಡದ ಅಪೇಕ್ಷೆ. ನನಗೇನು ಬೇಕೆಂದು ಈ ಜನ್ಮದಲ್ಲಿ ಯಾರೂ ಕೇಳಿರಲಿಲ್ಲವಲ್ಲ, ಕಣ್ಣು ತುಂಬಿತು. ಕನ್ನಡದಲ್ಲೇ ಬರೆದೆ: ಬಸ್ಸಿಗೆ ಓಡಬೇಕು, ಕುಕ್ಕರುಗಾಲಲ್ಲಿ ಕೂತು ರೊಟ್ಟಿ ಬಡಿಯಬೇಕು, ಕೆಮ್ಮು ಬಂದರೆ ಅಂಜದೆ ಕೆಮ್ಮಬೇಕು. ನಮ್ಮವ್ವನಿಗೆ ಇತ್ತು, ನಾನು ಇಲ್ಲವೆಂದದ್ದು ಸುಳ್ಳು, ಅವಳ ಹಾಗೆ ಸಿಂಬಿ ಸುತ್ತುತ್ತ ಸಾಯುವುದು ನನಗೆ ಬೇಡ.

ಲಿಪಿ ತಿಳಿಯದ ನರ್ಸಮ್ಮ ಅದನ್ನು ವೈದ್ಯೆಗೆ ಕೊಟ್ಟಳು, ವೈದ್ಯೆ ನನ್ನ ಗಂಡನ ಕೈಗೆ. ಗಟ್ಟಿಯಾಗಿ ಇಂಗ್ಲಿಷಿಗೆ ತಿರುಗಿಸುತ್ತ ಓದತೊಡಗಿದವನು ಸಿಂಬಿಯ ಹತ್ತಿರ ಬಂದು ಹಾಳೆ ಇಳಿಸಿ ನನ್ನತ್ತ ತಿರುಗಿದ. "ನನಗರೆ ಹೇಳಬಾರದಿತ್ತೇನ?" ಎಂದ. ವೈದ್ಯೆ ನಗಲಿಲ್ಲ. 'ಇಲ್ಲ' ಎಂದಿದ್ದುದನ್ನು ಹೊಡೆದುಹಾಕಿ 'ಹೌದು' ಎಂದು ಬರೆದರು. ತಾಯಿಗೂ ಇದ್ದರೆ ಮಗಳ ಒಳಕಟ್ಟೂ ಸಡಿಲವಿರಬಹುದು. ಮೊದಲು ಕೆಮ್ಮು ನಿಲ್ಲಿಸೋಣ, ಒಳಸ್ನಾಯು ಬಿಗಿಹಿಡಿಯುವುದನ್ನು ಕಲಿಯಿರಿ, ಆಮೇಲೆ ಇನ್ನೂ ಗಟ್ಟಿ ಆಧಾರಕ್ಕೆ ಹೊಲಿಯುತ್ತೇನೆ, ಆದರೂ ಮಾತು ಕೊಡಲಾರೆ ಎಂದರು.

ಕೆಲವು ತಿಂಗಳಾದ ಮೇಲೆ ಆಪರೇಷನ್ ಆಯಿತು, ಇಷ್ಟು ವರ್ಷ ನಿಂತಿದೆ. ಹೊಲಿಗೆ ಬಿಟ್ಟೀತೋ ಎಂಬ ಅಂಜಿಕೆ ಹೋಗಿಲ್ಲ. ಸಂಜೆಗೊಮ್ಮೆ ಕಿವಿಗೊಡುತ್ತೇನೆ, ಕೆಳಗಿನಾಕಿ ಸುಮ್ಮನಿದ್ದಾಳೆ.

ಮೊನ್ನೆ ಬಸುರಿ ಮಗಳು ಡಬ್ಬಿ ಕೆದಕಿ ಸಿಂಬಿ ಎತ್ತಿದಳು. ತಿರುವನಂತಪುರದಲ್ಲೇ ಬೆಳೆದವಳು, ಕನ್ನಡ ತಿಳಿದರೂ ನಾಲಿಗೆ ಮಲಯಾಳದ್ದು. "ಅಮ್ಮೇ, ಇದಾರ್ಕಾ?" ಯಾರಿಗಿದು? ಕೆಳಗಿನಾಕೀಗೆ ಎಂಬುದು ತುಟಿಯವರೆಗೂ ಬಂತು. ನುಂಗಿಕೊಂಡು, ಹೊಲಿಗೆ ಬಿಚ್ಚಿ ಬಟ್ಟೆಯನ್ನು ಅವಳ ಮಡಿಲಲ್ಲಿ ಹರವಿದೆ. ಅದು ನಮ್ಮ ಕಣ್ಣೆದುರೇ, ಗಾಳಿಯಿಲ್ಲದೆ, ಮೆಲ್ಲಗೆ ಮತ್ತೆ ಸುರುಳಿಯಾಗತೊಡಗಿತು.

"ನಿಮ್ಮಜ್ಜಿದವಾ ಇದು," ಎಂದೆ. "ಆಕೀಗೂ ಇತ್ತು, ನನಗೂ ಇತ್ತು. ನಾಳೆ ಯಾರರೆ ಡಾಕ್ಟ್ರು ಕೇಳಿದ್ರ, ಇಲ್ಲ ಅನಬ್ಯಾಡ."