ಲ್ಯಾಬಿನ ವಯರ್ ಕಿತ್ತ ಬೆಳಿಗ್ಗೆ

ಮಣಿಪಾಲದ ಒಂದು ಸಣ್ಣ ಕಚೇರಿಯಲ್ಲಿ ನನ್ನ ಕೆಲಸ. ಸುತ್ತಮುತ್ತಲಿನ ಕ್ಲಿನಿಕ್, ಲ್ಯಾಬ್, ಮೆಡಿಕಲ್ ಶಾಪುಗಳ ಕಂಪ್ಯೂಟರುಗಳನ್ನು ನೋಡಿಕೊಳ್ಳುವವರು ನಾವು. ಸೊಸೆಯ ಕೆಲಸ ಏನೆಂದು ಯಾರಾದರೂ ಕೇಳಿದರೆ ನಮ್ಮ ಅತ್ತೆ, ಕಂಪ್ಯೂಟರಿಗೆ ಜ್ವರ ಬಂದರೆ ಇವಳನ್ನು ಕರೆಯುತ್ತಾರೆ ಎಂದುಬಿಡುತ್ತಾರೆ. ಹೆಚ್ಚಿನ ದಿನ ಪ್ರಿಂಟರಿನಲ್ಲಿ ಸಿಕ್ಕಿಕೊಂಡ ಕಾಗದ ಬಿಡಿಸುವುದರಲ್ಲೇ ಹೊತ್ತು ಹೋಗುತ್ತದೆ. ಆ ಸೋಮವಾರ ಮಾತ್ರ ನಿಜಕ್ಕೂ ಜ್ವರ ಬಂದಿತ್ತು.

ಉಡುಪಿಯ ಮನೆಯಲ್ಲಿ ದೋಸೆ ಹುಯ್ಯುತ್ತಿದ್ದಾಗ ಕಾಪುವಿನಿಂದ ಫೋನ್ ಬಂತು. ಕಾರ್ಕಳದ ಒಂದು ರಕ್ತಪರೀಕ್ಷೆಯ ಲ್ಯಾಬಿಗೆ ಕಾಪುವಿನಲ್ಲೂ ಹೆಬ್ರಿಯಲ್ಲೂ ಶಾಖೆಗಳಿದ್ದವು. ಅಲ್ಲಿ ರಕ್ತ ತೆಗೆದು ಕಾರ್ಕಳಕ್ಕೆ ಕಳಿಸುತ್ತಿದ್ದರು. ಕಾಪುವಿನ ಶಾಖೆಯಲ್ಲಿದ್ದವಳು ಒಬ್ಬಳೇ ಟೆಕ್ನಿಶಿಯನ್. ಮನೆಯಲ್ಲಿ ಬ್ಯಾರಿ ಭಾಷೆ, ನನ್ನೊಡನೆ ಒಂದಕ್ಷರವೂ ಜಾರದ ಕನ್ನಡ.

"ಅಕ್ಕಾ, ಒಂದು ತಪ್ಪಾಗಿದೆ. ಟೆಸ್ಟ್ ಕಿಟ್ಟಿನ ಪಾರ್ಸೆಲ್ ವಿವರ ಇದರಲ್ಲಿ ಉಂಟು ಅಂತ ಮೇಲ್ ಬಂದಿತ್ತು. ತೆರೆದೆ. ಈಗ ಫೈಲುಗಳ ಹೆಸರೆಲ್ಲ ತಾನೇ ಬದಲಾಗ್ತಾ ಉಂಟು."

"ಯಾವಾಗ ತೆರೆದದ್ದು?"

"ಈಗಲೇ. ಎಂತ ಮಾಡುವುದು, ಅಕ್ಕಾ?"

"ಹೆದರಬೇಡಿ. ಮೊದಲು ಹಿಂದಿನ ನೆಟ್ಟಿನ ವಯರ್ ಎಳೆಯಿರಿ. ಕಂಪ್ಯೂಟರ್ ಹಾಗೆಯೇ ಇರಲಿ, ಆಫ್ ಮಾಡಬೇಡಿ."

ಅದು ಫೈಲುಗಳಿಗೆ ಬೀಗ ಜಡಿದು, ಕೀಲಿಗೆ ಹಣ ಕೇಳುವ ಜಾತಿಯ ವೈರಸ್. ಕಾಪುವಿನ ಕಂಪ್ಯೂಟರ್ ಕಾರ್ಕಳದ ಸರ್ವರಿಗೆ ಸೇರಿಕೊಂಡಿತ್ತು. ಹಳೆಯ ರಿಪೋರ್ಟುಗಳೆಲ್ಲ ಇದ್ದದ್ದು ಆ ಸರ್ವರಿನಲ್ಲಿ. ಕಾವಲಿಯ ದೋಸೆಯನ್ನು ಅತ್ತೆಗೆ ಒಪ್ಪಿಸಿ ಕಾರ್ಕಳದ ಡಾಕ್ಟರಿಗೆ ಫೋನ್ ಮಾಡಿದೆ. ಲ್ಯಾಬ್ ಅವರದೇ. ಮಾತು ಖಡಕ್.

"ಡಾಕ್ಟ್ರೇ, ಒಂದು ಮೇಲ್ ಒತ್ತಿ ವೈರಸ್ ಹೊಕ್ಕಿದೆ. ಎಲ್ಲ ಕಂಪ್ಯೂಟರುಗಳನ್ನೂ ನೆಟ್ಟಿನಿಂದ ಬಿಡಿಸಬೇಕು. ನಾನು ನೋಡುವವರೆಗೆ ಲ್ಯಾಬ್ ಮುಚ್ಚಿದರೆ ಒಳ್ಳೆಯದು."

"ಮುಚ್ಚುವುದಾ? ಎಂತ ಹೇಳ್ತೀರಿ ಮಾರಾಯ್ರೆ! ಬೆಂಚು ತುಂಬ ಜನ. ಶುಗರ್ ನೋಡ್ಲಿಕ್ಕೆ ಅಂತ ಖಾಲಿ ಹೊಟ್ಟೆಯಲ್ಲಿ ಬಂದವರು. ನಾಳೆ ಆಪರೇಶನ್ ಇರುವವರೂ ಇದ್ದಾರೆ. ಅವರನ್ನು ಮನೆಗೆ ಕಳಿಸ್ಲಿಕ್ಕೆ ಆಗುವುದಿಲ್ಲ."

ಅವರು ಹೇಳಿದ್ದು ಸರಿಯೇ. ನಾನು ಕಂಪ್ಯೂಟರನ್ನು ಮಾತ್ರ ಯೋಚಿಸಿದ್ದೆ. "ರಕ್ತ ಪರೀಕ್ಷೆ ಮಾಡುವ ಯಂತ್ರಕ್ಕೆ ಅದರದ್ದೇ ಪರದೆ ಉಂಟಲ್ವಾ?" ಎಂದು ಕೇಳಿದೆ. ಉಂಟು, ಸಣ್ಣ ಚೀಟಿಯನ್ನೂ ಪ್ರಿಂಟ್ ಮಾಡುತ್ತದೆ ಎಂದರು. ಹಾಗಾದರೆ ಯಂತ್ರ ನಡೆಯಲಿ, ಸರ್ವರಿಗೆ ಹೋಗುವ ವಯರುಗಳನ್ನಷ್ಟೇ ಕಿತ್ತುಬಿಡಿ ಎಂದೆ. ಕಾಪುವಿನ ರಕ್ತ ಹೇಗೂ ನೆಟ್ಟಿನಲ್ಲಿ ಬರುವುದಲ್ಲ. ಐಸ್ ಇಟ್ಟ ಡಬ್ಬಿಯಲ್ಲಿ, ಬಸ್ಸಿನಲ್ಲಿ ಬರುತ್ತದೆ.

ನಾನು ಸ್ಕೂಟರಿನಲ್ಲಿ ಕಾರ್ಕಳ ಮುಟ್ಟುವಾಗ ಬೆಂಚಿನಲ್ಲಿ ಜಾಗವಿರಲಿಲ್ಲ. ಮೀನುಗಾರಿಕೆ ಬಿಟ್ಟು ಮಗಳ ಮನೆಯಲ್ಲಿದ್ದ ಹಿರಿಯರೊಬ್ಬರು ತೋಳಿನ ಹತ್ತಿ ಒತ್ತಿಕೊಂಡು, "ರಕ್ತ ಕೊಟ್ಟಾಯ್ತು. ಇನ್ನು ಚಾ ಕುಡಿಯಬಹುದಾ, ಅಲ್ಲ ಅದಕ್ಕೂ ಕಂಪ್ಯೂಟರ್ ಬೇಕಾ?" ಎಂದರು. ಬೆಂಚಿಗೆ ಬೆಂಚೇ ನಕ್ಕಿತು. ಕುಡಿಯಿರಿ ಎಂದೆ.

ತೊಂದರೆ ಬಂದದ್ದು ಬೇರೆ ಕಡೆಯಿಂದ. ಸ್ಯಾಂಪಲಿನ ಟ್ಯೂಬಿಗೆ ನಂಬರಿನ ಲೇಬಲ್ ಕೊಡುತ್ತಿದ್ದದ್ದು ಸರ್ವರ್. ಅದಿಲ್ಲದೆ ಲ್ಯಾಬಿನ ಹುಡುಗಿಯರು ಮಾರ್ಕರ್ ಪೆನ್ನಿನಿಂದ ಹೆಸರು, ವಯಸ್ಸು ಬರೆಯುತ್ತಿದ್ದರು. ಎರಡು ಟ್ಯೂಬುಗಳಲ್ಲಿ ಒಂದೇ ಹೆಸರು, ಒಂದೇ ವಯಸ್ಸು ಬಂತು. ಡಾಕ್ಟರ್ ಎರಡನ್ನೂ ಬೆಳಕಿಗೆ ಹಿಡಿದು ನಿಂತರು. ಆಮೇಲೆ ತಾವೇ ಹೊರಗೆ ಬಂದು ಆ ಹೆಸರನ್ನು ಕೂಗಿದರು. ಇಬ್ಬರು ಹೆಂಗಸರು ಎದ್ದು ನಿಂತು ಒಬ್ಬರನ್ನೊಬ್ಬರು ನೋಡಿದರು. ಒಬ್ಬರು ಹೆಬ್ರಿ ಕಡೆಯವರು, ಇನ್ನೊಬ್ಬರು ಎಲ್ಲೂರಿನಿಂದ ತಂಗಿಯ ಮನೆಗೆ ಬಂದವರು. ಯಾವ ಟ್ಯೂಬ್ ಯಾರದೆಂದು ಹೇಳುವಂತಿರಲಿಲ್ಲ. ಇಬ್ಬರೂ ಬೇಸರಿಸದೆ ಮತ್ತೊಮ್ಮೆ ಕೈ ಚಾಚಿದರು. ಅಲ್ಲಿಂದ ಮುಂದೆ ಟ್ಯೂಬಿನ ಮೇಲೆ ಊರನ್ನೂ ಬರೆಯಿಸಿದೆವು. ರಿಪೋರ್ಟುಗಳನ್ನು ಡಾಕ್ಟರ್ ಕೈಯಲ್ಲೇ ಬರೆದರು. ಆಪರೇಶನ್ ಇದ್ದವರ ಫಲಿತಾಂಶವನ್ನು ಮೊದಲು ಆಸ್ಪತ್ರೆಗೆ ಫೋನಿನಲ್ಲಿ ತಿಳಿಸಿದರು.

ನಾನು ಒಳಗೆ ಕುಳಿತು ಸರ್ವರ್ ನೋಡಿದೆ. ಕಾಪುವಿನವರು ಬಳಸುತ್ತಿದ್ದ ಒಂದು ಫೋಲ್ಡರಿನಲ್ಲಿ ಕೆಲವು ಫೈಲುಗಳಿಗೆ ಬೀಗ ಬಿದ್ದಿತ್ತು. ಉಳಿದದ್ದಕ್ಕೆ ಏನೂ ಆಗಿರಲಿಲ್ಲ. ಹೋದ ಫೈಲುಗಳ ನಕಲು ಡಾಕ್ಟರ ಕಪಾಟಿನಲ್ಲಿದ್ದ ಡಿಸ್ಕಿನಲ್ಲಿತ್ತು. ಎದೆ ಹಗುರಾಯಿತು.

ಮಧ್ಯಾಹ್ನ ಬೆಂಚು ಖಾಲಿಯಾದ ಮೇಲೆ ಡಾಕ್ಟರ್ ಪೆನ್ನು ಮುಚ್ಚಿಟ್ಟು, "ಆ ಮೇಲ್ ಒತ್ತಿದ್ದು ಯಾರು?" ಎಂದರು.

"ಕಾಪುವಿನವಳು. ಕೂಡಲೇ ನನಗೆ ಫೋನ್ ಮಾಡಿದ್ದೂ ಅವಳೇ. ಹೆದರಿ ಮಧ್ಯಾಹ್ನದವರೆಗೆ ಸುಮ್ಮನಿದ್ದಿದ್ದರೆ ಸರ್ವರಿನಲ್ಲಿ ಒಂದು ರಿಪೋರ್ಟೂ ಉಳಿಯುತ್ತಿರಲಿಲ್ಲ, ಡಾಕ್ಟ್ರೇ. ಅವಳನ್ನು ಬೈದರೆ ಇನ್ನೊಮ್ಮೆ ಯಾರೂ ಹೇಳುವುದಿಲ್ಲ."

ಅವರು ಕಾಪುವಿಗೆ ಫೋನ್ ಹಚ್ಚಿದರು. ಬೈಯುತ್ತಾರೆ ಎಂದುಕೊಂಡೆ. "ನಿನ್ನದು ಊಟ ಆಯ್ತಾ?" ಎಂದು ಕೇಳಿದರು. ಆಚೆಯಿಂದ ಅಳುವ ಸದ್ದು ನನಗೂ ಕೇಳಿತು. "ಅಳ್ಬೇಡ ಮಾರಾಯ್ತಿ. ಮೊದಲು ಊಟ ಮಾಡು. ಸಂಜೆಯ ಡಬ್ಬಿ ಬಸ್ಸಿಗೆ ಹಾಕ್ಲಿಕ್ಕೆ ಮರೀಬೇಡ."

ಆ ವಾರವಿಡೀ ನಾನು ಕಾಪು, ಕಾರ್ಕಳ ಎಂದು ಓಡಾಡಿದೆ. ಕಾಪುವಿನ ಕಂಪ್ಯೂಟರನ್ನು ಪೂರ್ತಿ ಅಳಿಸಿ ಹೊಸದಾಗಿ ಕಟ್ಟಿದೆ. ಎಲ್ಲ ಪಾಸ್‌ವರ್ಡುಗಳನ್ನೂ ಬದಲಾಯಿಸಿದೆ. ಇನ್ನು ಶಾಖೆಯ ಕಂಪ್ಯೂಟರ್ ಕೆಟ್ಟರೆ ಶಾಖೆಯಲ್ಲೇ ಕೆಡಲಿ ಎಂದು ಅದಕ್ಕೂ ಸರ್ವರಿಗೂ ನಡುವೆ ಸಾಫ್ಟ್‌ವೇರಿನ ಗೋಡೆ ಹಾಕಿದೆ. ಲ್ಯಾಬ್ ಒಂದು ದಿನವೂ ಬಾಗಿಲು ಹಾಕಲಿಲ್ಲ. ಡಾಕ್ಟರ ಅಕ್ಷರ ಓದಲಾಗದೆ ಜನ ವಾಪಸು ಬಂದದ್ದುಂಟು. ಆಗ ಅವರೇ ಎದ್ದು ಬಂದು ಓದಿ ಹೇಳಿದರು.

ಮುಂದಿನ ಭಾನುವಾರ ಮೂರೂ ಕಡೆಯ ಸಿಬ್ಬಂದಿಯನ್ನು ಕಾರ್ಕಳಕ್ಕೆ ಕರೆಸಿದರು. ಇಂಥ ಮೇಲುಗಳ ಬಗ್ಗೆ ನಾನು ಮಾತಾಡಬೇಕೆಂದಿತ್ತು. ಆದರೆ ಡಾಕ್ಟರ್ ಕಾಪುವಿನವಳನ್ನೇ ಮುಂದೆ ಕರೆದರು. ಅವಳು ತಲೆವಸ್ತ್ರ ಸರಿಪಡಿಸಿಕೊಂಡು ಮೇಲ್ ಹೇಗಿತ್ತು, ತಾನೇಕೆ ನಂಬಿದೆ ಎಂದು ಒಂದನ್ನೂ ಮುಚ್ಚಿಡದೆ ಹೇಳಿದಳು.

ಹೆಬ್ರಿಯ ಟೆಕ್ನಿಶಿಯನ್ ಕೇಳಿದ, "ಫೋನ್ ಮಾಡ್ಲಿಕ್ಕೆ ಹೆದರಿಕೆ ಆಗ್ಲಿಲ್ವಾ ನಿಮಗೆ?"

"ಆಯ್ತು," ಎಂದಳು ಅವಳು. "ಆದರೆ ಸುಮ್ಮನೆ ಕೂತು ನೋಡುವುದು ಅದಕ್ಕಿಂತ ಕಷ್ಟ ಉಂಟು."

ಯಾರೋ ಬಿಸಿ ಗೋಳಿಬಜೆಯ ಪೊಟ್ಟಣ ಬಿಚ್ಚಿದರು. ಅವಳು ತನ್ನ ಪಕ್ಕದ ಕುರ್ಚಿಯಿಂದ ಬ್ಯಾಗ್ ತೆಗೆದು ನನಗೆ ಜಾಗ ಮಾಡಿದಳು.