ನಿಂತು ರೊಟ್ಟಿ ಬಡಿಯುತ್ತಿದ್ದ ಅಕ್ಕ

ಕಾದ ಹಂಚಿನ ಮೇಲೆ ಜೋಳದ ರೊಟ್ಟಿ ಹಾಕಿ, ಅದರ ಬೆನ್ನಿಗೆ ಹಸಿ ಅರಿವೆಯಿಂದ ನೀರು ಸವರಿದಾಗ ಒಂದು ವಾಸನೆ ಏಳುತ್ತದಲ್ಲ, ಅದು ನಾನು ಎಲ್ಲಿದ್ದರೂ ಇಂಡಿ ಊರಿನ ಒಂದು ಓಣಿಗೆ ಎಳೆದುಕೊಂಡು ಹೋಗುತ್ತದೆ. ಮೊನ್ನೆಯೂ ಹಾಗೇ ಆಯಿತು. ಸಿಂದಗಿ ಬಸ್ಸು ತಡ ಅಂತ ಇಂಡಿ ಬಸ್ ನಿಲ್ದಾಣದ ಹತ್ತಿರ ಒಂದು ಖಾನಾವಳಿಗೆ ಹೊಕ್ಕಿದ್ದೆ. ಒಳಗೆ ಅಡಿಗೆಮನೆಯಲ್ಲಿ ಒಬ್ಬ ಹೆಣ್ಣುಮಗಳು ಎತ್ತರದ ಕಟ್ಟೆಯ ಮುಂದೆ ನಿಂತು ರೊಟ್ಟಿ ಬಡಿಯುತ್ತಿದ್ದಳು. ಆ ವಾಸನೆ, ಆ ಸಪ್ಪಳ... ಕೈಯೊಳಗಿನ ತುತ್ತು ಕೈಯಲ್ಲೇ ಉಳಿಯಿತು.

ಹಿಂದೆ ನಾನು ಬಾಡಿಗೆಗಿದ್ದ ಮನೆಯ ಮಾಲಕಿ ಅಕ್ಕನೂ ಹೀಗೇ ನಿಂತು ಬಡಿಯುತ್ತಿದ್ದಳು.

ಆಗ ನನಗೆ ಹೊಸ ಕೆಲಸ. ದವಾಖಾನೆ ದೂರವಿರುವ, ದುಡ್ಡುಕಾಸು ಅಷ್ಟಕ್ಕಷ್ಟೇ ಇರುವ ಹಳ್ಳಿಗಳಲ್ಲಿ ಹೆರಿಗೆಯಾದ ಮೇಲೆ ತಾಯಂದಿರ ಆರೋಗ್ಯ ಹೇಗಿರುತ್ತದೆ ಎಂದು ತಿಳಿದುಕೊಳ್ಳುವ ಅಧ್ಯಯನ. ಇಂಡಿ, ಸಿಂದಗಿ, ಮುದ್ದೇಬಿಹಾಳ, ಬಸವನ ಬಾಗೇವಾಡಿ ಸುತ್ತಿ ಬಾಣಂತಿಯರನ್ನು ಮಾತಾಡಿಸಬೇಕಿತ್ತು. ಬಾಗೇವಾಡಿ ನನ್ನ ತವರು, ಅಲ್ಲಿ ಊಟದ ಚಿಂತೆಯಿರಲಿಲ್ಲ. ಇಂಡಿಯಲ್ಲಿ ಒಂದು ಖೋಲಿ ಬಾಡಿಗೆಗೆ ಹಿಡಿದೆ. ಗೋಡೆಯಾಚೆಯೇ ಅಕ್ಕನ ಅಡಿಗೆಮನೆ. ಅವಳ ಗಂಡ ಲಿಂಬೆಹಣ್ಣಿನ ಲಾರಿ ಓಡಿಸುತ್ತಿದ್ದ, ಮನೆಯಲ್ಲಿ ಇರುವುದಕ್ಕಿಂತ ದಾರಿಯಲ್ಲಿ ಇರುವುದೇ ಹೆಚ್ಚು. ಮಗಳನ್ನು ಸಾಲೋಟಗಿಗೆ ಕೊಟ್ಟಿದ್ದರು.

ನಮ್ಮ ಕಡೆ ರೊಟ್ಟಿ ಅಂದರೆ ನೆಲಕ್ಕೆ ಕುಂತು, ಒಂದು ಮೊಣಕಾಲು ಎತ್ತಿ, ಮೈಭಾರವನ್ನೆಲ್ಲ ಅಂಗೈಗೆ ತಂದು ಬಡಿಯುವುದು. ನಮ್ಮವ್ವ, ನಮ್ಮಜ್ಜಿ ಎಲ್ಲ ಹಾಗೇ ಬಡಿದವರು. ಈ ಅಕ್ಕ ಮಾತ್ರ ಗೌಂಡಿಯನ್ನು ಕರೆಸಿ ಸೊಂಟದೆತ್ತರಕ್ಕೆ ಕಲ್ಲಿನ ಕಟ್ಟೆ ಕಟ್ಟಿಸಿಕೊಂಡಿದ್ದಳು. ಓಣಿಯ ಹೆಂಗಸರು ಬಿಡುತ್ತಾರೆಯೇ? "ದೊರಿಸಾನಿ ಬಂದ್ಲ ನೋಡ್ರವಾ, ನಿಂತ ರೊಟ್ಟಿ ಮಾಡಾಕಿ" ಅಂತ ಕಾಡುತ್ತಿದ್ದರು. "ಹೌದು, ನಾ ದೊರಿಸಾನೀನ. ನಿಮ್ಮ ಹೊಟ್ಟಿ ಯಾಕ ಉರಿತೈತಿ?" ಅಂತ ಇವಳೂ ತಿರುಗಿಸಿ ಕೊಡುತ್ತಿದ್ದಳು. ಎಲ್ಲರೂ ಬಿದ್ದು ಬಿದ್ದು ನಗುತ್ತಿದ್ದರು. ಇವಳು ಮಾತ್ರ ಒಂದು ಕೈ ಕಿಬ್ಬೊಟ್ಟೆಗೆ ಒತ್ತಿ ಹಿಡಿದು, ತುಟಿಯಲ್ಲಷ್ಟೇ ನಗುತ್ತಿದ್ದಳು.

ನನಗೋ ಮೊದಲಿನಿಂದಲೂ ಊರ ಉಸಾಬರಿ. ಒಂದು ಸಂಗತಿ ತಿಳಿಯದಿದ್ದರೆ ಉಂಡದ್ದು ಮೈಗೆ ಹತ್ತುವುದಿಲ್ಲ. ಅಕ್ಕ ನೀರಿನ ಕೊಡ ಎತ್ತುತ್ತಿರಲಿಲ್ಲ, ತಂಬಿಗೆಯಲ್ಲಿ ತುಂಬಿ ತುಂಬಿ ಒಯ್ಯುತ್ತಿದ್ದಳು. ಕೆಮ್ಮು ಬಂದರೆ ಗೋಡೆಗೆ ಆನಿಕೊಂಡು ನಿಂತುಬಿಡುತ್ತಿದ್ದಳು. ಟೆಂಪೋ ಹತ್ತು ಅಂದರೆ ಬೇಡವೇ ಬೇಡ. ಶೋಕಿಯೇ? ಉಡುವುದು ನೋಡಿದರೆ ಮಾಸಿದ ಇಳಕಲ್ ಸೀರೆ. ಸೋಮಾರಿಯೇ? ಬೆಳಗಿನಿಂದ ಕೈಗೆ ಪುರುಸೊತ್ತಿಲ್ಲ. ಮತ್ತೇನಿದು? ಕೇಳಿದರೆ, "ಮಳ್ಳಿ, ಬಿಸಿ ರೊಟ್ಟಿ ಐತಿ, ಉಣ್ಣು. ನಿನಗ್ಯಾಕ ಬೇಕ ಇಲ್ಲದ ಉಸಾಬರಿ?" ಅಂತ ನನ್ನ ತಾಟಿಗೆ ಇನ್ನೊಂದು ರೊಟ್ಟಿ ಎಸೆಯುತ್ತಿದ್ದಳು.

ಕೆಲಸವೂ ಕುಂಟುತ್ತಿತ್ತು. "ಏನಾರ ತ್ರಾಸ ಐತೇನ್ರಿ?" ಅಂತ ಕೇಳುವುದು ನನ್ನ ಪಾಲಿನ ಪ್ರಶ್ನೆ. "ಏನಿಲ್ರಿ, ಚೊಲೊ ಐತ್ರಿ" ಅನ್ನುವುದು ಎಲ್ಲ ಊರಿನ ಉತ್ತರ. ದೇವಣಗಾಂವದಲ್ಲಂತೂ ಒಬ್ಬ ಅತ್ತೆ ನನಗೂ ಸೊಸೆಗೂ ನಡುವೆ ಗೋಡೆಯ ಹಾಗೆ ಕುಂತಳು. ಕಿವಿಗೆ ಅರಿವೆ ಕಟ್ಟಿಕೊಂಡ ಬಾಣಂತಿ ಹೊರಸಿನ ಕೆಳಗಿನ ಕೆಂಡವನ್ನೇ ನೋಡುತ್ತಿದ್ದಳು. ನಿದ್ದೆ ಬರುತ್ತದೆಯೇ ಅಂತ ಸೊಸೆಯನ್ನು ಕೇಳಿದರೆ "ಬರ್ತೈತ್ರಿ" ಅಂದವಳು ಅತ್ತೆ. ಸೊಂಟ ನೋಯುತ್ತದೆಯೇ ಅಂದರೆ, "ಆಕಿಗೇನ ಧಾಡಿ ಆಗೇತ್ರಿ? ಅಂಟಿನುಂಡಿ ತಿಂತಾಳ, ಮಕ್ಕೊಂತಾಳ" ಅಂದವಳೂ ಅತ್ತೆಯೇ. ಬಾಣಂತಿಯ ದನಿ ಹೇಗಿದೆ ಅಂತ ಕೂಡ ನನಗೆ ಗೊತ್ತಾಗಲಿಲ್ಲ.

ಸಂಜೆ ಬಂದು ಅಕ್ಕನ ಮುಂದೆ ಸಿಟ್ಟು ಕಾರಿಕೊಂಡೆ. ಅವಳು ರೊಟ್ಟಿ ತಿರುವುತ್ತ ಕೇಳಿಸಿಕೊಂಡಳು.

"ಹಂಗ ಕೇಳಿದ್ರ ಯಾರ ಹೇಳ್ತಾರವಾ? ನೆಲಕ್ಕ ಕುಂತ ರೊಟ್ಟಿ ಬಡಿಯಾಕ ಬರ್ತೈತೇನು, ಅಂತ ಕೇಳು. ರೊಟ್ಟಿ ಮಾತಂದ್ರ ಅತ್ತಿನೂ ಅಡ್ಡ ಬರೂದಿಲ್ಲ."

ಇದೆಂಥ ಪ್ರಶ್ನೆ ಅಂತ ನಗಲು ಹೋದವಳು ಅವಳನ್ನೇ ನೋಡಿದೆ. ಕಟ್ಟೆಯ ಮುಂದೆ ನಿಂತಿದ್ದಳು.

"ಅಕ್ಕಾ... ನಿನಗ ಬರ್ತೈತೇನು?"

ಹಂಚಿನ ಮೇಲೆ ರೊಟ್ಟಿ ಸೀಯುತ್ತಿತ್ತು, ಅವಳು ತೆಗೆಯಲಿಲ್ಲ. ಆಮೇಲೆ ಒಲೆ ಆರಿಸಿ, "ಬಾಗಲಾ ಮುಂದ ಮಾಡು" ಅಂದಳು. ನಾನು ಬಾಗಿಲು ಮುಚ್ಚಿ ಬಂದೆ.

ಕಂಕುಳಲ್ಲಿ ಕೂಸಿಟ್ಟುಕೊಂಡು ಊರೆಲ್ಲ ಹುಡುಕಿದರಂತೆ, ಹಾಗಾಗಿತ್ತು ನನ್ನ ಕಥೆ. ಮಗಳು ಹುಟ್ಟಿದಾಗ ಸುಗ್ಗಿ ಕಾಲ. ಮೈಯಲ್ಲಿ ಇನ್ನೂ ಕಸುವು ಬರುವ ಮೊದಲೇ ಅಕ್ಕ ಬಾವಿಯಿಂದ ಕೊಡ ಹೊರಲು ಹತ್ತಿದ್ದಳು. ಆವಾಗಲೇ ಗರ್ಭಕೋಶ ಜಾರಿತ್ತು. ಕುಂತರೆ, ಭಾರ ಎತ್ತಿದರೆ, ಕೆಮ್ಮಿದರೆ, ಜೋರಾಗಿ ನಕ್ಕರೆ ಸಹ ಕೆಳಗಿಳಿದು ಹೊರಗೆ ಬರುತ್ತಿತ್ತು. ತನ್ನ ಅವ್ವನಿಗೆ ಹೇಳಿದ್ದಳಂತೆ. "ಹೆಣ್ಣಾಗಿ ಹುಟ್ಟಿದ ಮ್ಯಾಲ ಇದೆಲ್ಲಾ ಇದ್ದದ್ದ. ಬಾಯಿ ಮುಚ್ಚು" ಅಂದಿದ್ದಳಂತೆ ಆ ತಾಯಿ. ಗಂಡನಿಗೆ ಹೇಳಲು ನಾಚಿಕೆ. ಅದಕ್ಕೇ ಆ ಕಟ್ಟೆ, ಅದಕ್ಕೇ ಆ ತಂಬಿಗೆ. ನಿಜ ಗೊತ್ತಾಗುವುದಕ್ಕಿಂತ ದೊರಿಸಾನಿ ಅನ್ನಿಸಿಕೊಳ್ಳುವುದು ಎಷ್ಟೋ ಮೇಲು ಅಂತ ಇದ್ದುಬಿಟ್ಟಿದ್ದಳು.

ಈಗ ಯಾಕೆ ಹೇಳಿದೆ ಅಂದೆ. ಮಗಳು ಬಸುರಿ. ಸೀಮಂತದ ಕುಬಸ ಆಗಿತ್ತು, ಚೊಚ್ಚಲ ಹೆರಿಗೆಗೆ ತವರಿಗೆ ಬರುವವಳಿದ್ದಳು.

"ಬಾಣಂತನ ಮಾಡಾಕ ನನ್ನ ಬಿಟ್ರ ಆಕಿಗೆ ಯಾರದಾರ? ಹಂಡೇದ ಬಿಸಿನೀರ ಹೊರಬೇಕು. ಕಾಲ ಚಾಚಿ ಕುಂತ ಕೂಸಿಗೆ ಎರಿಬೇಕು. ನನ್ನ ಕೈಲೆ ಆಗೂದಿಲ್ಲ ಅಂದ್ರ ಬೀಗರ ಏನಂದಾರು? ಮಗಳ ಏನ ತಿಳಕೊಂಡಾಳು? ಇದು ನೆಟ್ಟಗ ಆಗ್ತೈತೇನು? ನೀ ಸಾಲಿ ಕಲತಾಕಿ, ಖರೇ ಹೇಳು."

"ತೋರಸೂಣ ನಡಿ" ಅಂದೆ, ಅಷ್ಟೇ.

ಒಪ್ಪಿಸುವುದೇನು ಸುಲಭವಿತ್ತೇ! ಗಂಡಸು ಡಾಕ್ಟರಾದರೆ ಬರುವುದಿಲ್ಲ, ಕೊಯ್ಯುತ್ತಾರಾದರೆ ಬರುವುದಿಲ್ಲ, ಓಣಿಯವರು ಕಂಡರೆ ಬರುವುದಿಲ್ಲ. ಅಂತೂ ಒಬ್ಬ ಲೇಡಿ ಡಾಕ್ಟರು ಸಿಗುವ ದಿನ ವಿಚಾರಿಸಿ, ಲಿಂಬೆಹಣ್ಣಿನ ಉಪ್ಪಿನಕಾಯಿಗೆ ಮಸಾಲೆ ತರುತ್ತೇವೆಂದು ಓಣಿಗೆ ಸಾರಿ ಹೊರಟೆವು. ಟೆಂಪೋ ತಗ್ಗಿಗೆ ಬಿದ್ದಾಗೊಮ್ಮೆ ಅವಳು ನನ್ನ ಕೈ ಹಿಂಡುತ್ತಿದ್ದಳು.

ಡಾಕ್ಟರು ಪರೀಕ್ಷೆ ಮಾಡಿ, ಶಸ್ತ್ರಕ್ರಿಯೆಯ ದಾರಿ ಮುಂದೆ ಇದ್ದೇ ಇದೆ, ಸದ್ಯಕ್ಕೆ ಇದು ಸಾಕು ಅಂತ ಗರ್ಭಕೋಶವನ್ನು ಮೇಲೆ ಎತ್ತಿ ಹಿಡಿಯುವ ಒಂದು ರಬ್ಬರಿನ ಬಳೆ ಒಳಗೆ ಕೂಡಿಸಿದರು. ಭಾರ ಹೊರಬೇಡ, ಆಗಾಗ ಬಂದು ತೋರಿಸು ಅಂದರು. ಹೊರಗೆ ಬಂದ ಅಕ್ಕ ನಾಲ್ಕು ಹೆಜ್ಜೆ ನಡೆದು ನಿಂತಳು. ಬೇಕಂತಲೇ ಕೆಮ್ಮಿದಳು. ನನ್ನ ಮುಖ ನೋಡಿದಳು. ಇನ್ನೂ ಜೋರಾಗಿ ಕೆಮ್ಮಿದಳು.

"ಅಯ್ಯ ಶಿವನ! ಒಂದ ರಬ್ಬರ ಬಳಿ! ಇದರ ಸಲುವಾಗಿ ನಾ ಇಷ್ಟ ವರ್ಷ ಸತ್ತ ಬದಕಿನೇನು?" ಅಂದವಳೇ ನಗಲು ಹತ್ತಿದಳು. ಕಿಬ್ಬೊಟ್ಟೆಯ ಮೇಲೆ ಕೈಯಿರಲಿಲ್ಲ. ದವಾಖಾನೆಗೆ ಬಂದ ಮಂದಿಯೆಲ್ಲ ತಿರುಗಿ ನೋಡುವಷ್ಟು ನಕ್ಕಳು, ಹಾಗೇ ನಗುತ್ತ ಅತ್ತಳು. ನಾನೂ ಅತ್ತೆ, ಸುಳ್ಳು ಯಾಕೆ ಹೇಳಲಿ.

ಮಗಳ ಬಾಣಂತನ ಅಕ್ಕನೇ ಮಾಡಿದಳು. ಮಣೆಯ ಮೇಲೆ ಕುಂತು, ಕಾಲು ಚಾಚಿ, ಮೊಮ್ಮಗಳಿಗೆ ಎರೆದಳು. "ನೀರ ಹೊರೂದು ಅಳ್ಯಾನ ಕೆಲಸ, ನನ್ನ ಮಗಳ ಕೊಡಾ ಮುಟ್ಟಿದ್ರ ನೋಡ್ರಿ ಮತ್ತ" ಅಂತ ಬೀಗರಿಗೆ ಮುಖದ ಮೇಲೇ ಹೇಳಿದಳು. ಅಳಿಯ ಹೊತ್ತ, ಪಾಪ. ರೊಟ್ಟಿ ಮಾತ್ರ ನಿಂತೇ ಬಡಿಯುತ್ತಿದ್ದಳು. ಯಾರಾದರೂ ದೊರಿಸಾನಿ ಅಂದರೆ ಈಗ ಒಳಗೆ ಕರೆದು, ಯಾಕೆ ಅಂತ ಹೇಳಿ ಕಳಿಸುತ್ತಿದ್ದಳು. ಆಮೇಲೆ ತಮಗೂ ಅದೇ ತ್ರಾಸು ಅಂತ ಹಿತ್ತಲ ಬಾಗಿಲಿಂದ ಬಂದವರು ಎಷ್ಟು ಮಂದಿಯೋ...

ನಾನು ಹಳ್ಳಿಗಳಲ್ಲಿ ಪೆನ್ನು ಕೆಳಗಿಟ್ಟು ರೊಟ್ಟಿಯ ಪ್ರಶ್ನೆ ಕೇಳತೊಡಗಿದೆ. ದೇವಣಗಾಂವದ ಆ ಮನೆಗೂ ಮತ್ತೆ ಹೋದೆ. ಅದೇ ಅತ್ತೆ, ಅದೇ ಜಾಗದಲ್ಲಿ. "ಸೊಸಿಗೆ ಕುಂತ ರೊಟ್ಟಿ ಬಡಿಯಾಕ ಬರ್ತೈತೇನ್ರಿ?" ಅಂದೆ. "ಆಕಿಗೆ ಬರ್ತೈತ್ರಿ" ಅಂತ ಎಂದಿನಂತೆ ಅವಳೇ ಹೇಳಿದಳು. ಆಮೇಲೆ ಸೆರಗು ಹಿಂಡುತ್ತ, "ನನಗ ಬರಾಂಗಿಲ್ರಿ" ಅಂದಳು. ಸೊಸೆ ತಲೆಯೆತ್ತಿ ಅತ್ತೆಯನ್ನು ನೋಡಿದಳು.

ಇದನ್ನು ಹೇಳಿದಾಗ ಅಕ್ಕ ನನ್ನನ್ನು ತಬ್ಬಿಕೊಂಡಿದ್ದಳು, ಹಿಟ್ಟಿನ ಕೈಯಲ್ಲೇ.

ಕೊರೊನಾದ ಎರಡನೆಯ ಅಲೆಯಲ್ಲಿ ಅಕ್ಕ ಹೋದಳು. ನಾನು ಮುದ್ದೇಬಿಹಾಳದಲ್ಲಿ ಸಿಕ್ಕಿಬಿದ್ದಿದ್ದೆ, ಬಸ್ಸಿಲ್ಲ, ದಾರಿಯಿಲ್ಲ. ಕಡೆಯ ಸಲ ಮುಖ ನೋಡಲೂ ಆಗಲಿಲ್ಲ. ಆ ಸಂಕಟ ಇವತ್ತಿಗೂ ಹೋಗಿಲ್ಲ...

ಖಾನಾವಳಿಯಲ್ಲಿ ಕೈ ತೊಳೆದುಕೊಂಡು ಅಡಿಗೆಮನೆಯ ಹತ್ತಿರ ಹೋದೆ. ಉಸಾಬರಿ ಎಲ್ಲಿ ಬಿಡುತ್ತದೆ?

"ನಿಂತ ಬಡಿತೀರಲ್ರಿ?"

"ಇಲ್ಲಿ ಕಟ್ಟಿ ಐತಲ್ರಿ ಅಕ್ಕಾರ, ಎಲ್ಲಾರೂ ನಿಂತ ಬಡಿಯೂದು" ಅಂತ ನಕ್ಕಳು.

"ಮನಿಯಾಗ?"

ಅವಳ ಕೈ ಹಿಟ್ಟಿನ ಮೇಲೇ ನಿಂತಿತು. ಗಲ್ಲಾಪೆಟ್ಟಿಗೆಯ ಮುಂದೆ ಕುಂತ ಮಾಲಕನ ಕಡೆ ಒಮ್ಮೆ ನೋಡಿ, ದನಿ ತಗ್ಗಿಸಿದಳು. "ಮನಿಯಾಗ ನಮ್ಮ ತಂಗಿ ಬಡಿತಾಳ್ರಿ. ನನಗ ಕುಂಡ್ರಾಕ ಆಗೂದಿಲ್ಲ."

ಹೊರಗೆ ಸಿಂದಗಿ ಬಸ್ಸು ಹಾರ್ನ್ ಹೊಡೆಯಿತು. ಬಸ್ಸು ಹೋದರೆ ಹೋಗಲಿ ಅಂತ ಬಿಟ್ಟೆ. ಅಕ್ಕ ಇದ್ದಿದ್ದರೆ ಈಗ ಏನನ್ನುತ್ತಿದ್ದಳು ಅಂತ ನನಗೆ ಗೊತ್ತಿತ್ತು. ಅಕ್ಕ ಇಲ್ಲ. ನಾನೇ ಒಳಗೆ ಹೋಗಿ ಅಡಿಗೆಮನೆಯ ಬಾಗಿಲು ಮುಂದೆ ಮಾಡಿದೆ.