ಹನ್ನೆರಡನೆಯದು ಬೊದ್ ಅಂದಿತು

ನಮ್ಮ ದೊಡ್ಡಮ್ಮನಿಗೆ ಒಡಕು ಗಡಿಗೆ ಕಂಡರೆ ತುತ್ತಿನಲ್ಲಿ ಕೂದಲು ಸಿಕ್ಕಷ್ಟು ಹೇಸಿಗೆ. ಆವಿಗೆಯಲ್ಲಿ ಸುಟ್ಟು ತೆಗೆದ ಪ್ರತಿಯೊಂದನ್ನೂ ಬೆರಳ ಗೆಣ್ಣಿನಿಂದ ತಟ್ಟಿ ಕಿವಿಗೊಡುತ್ತಾಳೆ. 'ಟಣ್' ಅಂದರೆ ಒಳಗೆ, 'ಬೊದ್' ಅಂದರೆ ಅಲ್ಲೇ ಚೂರು. ನಲವತ್ತು ವರ್ಷದಲ್ಲಿ ಒಂದೇ ಒಂದು ಒಡಕೂ ಅವಳ ಹೊಸ್ತಿಲು ದಾಟಿಲ್ಲ. ಮಣ್ಣು ತುಳಿಯುವವಳು ನಾನು, ಅವಳ ತಂಗಿಯ ಮಗಳು. ಎಷ್ಟೋ ಸಲ ನನ್ನ ಬೆವರೂ ಆ ಚೂರಿನ ಜೊತೆ ತಿಪ್ಪೆ ಸೇರಿದೆ.

ಅಂಥವಳ ಹತ್ತಿರ ಬಂದು ವಕ್ಕರಿಸಿದ ಈ ಧ್ವನಿ ಕಲಾವಿದ. ಕೊರಳಿಗೆ ಹೆಡ್‌ಫೋನು, ಬಾಯಿ ತುಂಬ 'ಅಮ್ಮಾ, ಅಮ್ಮಾ'. ಮಣ್ಣಿನ ಶಿಲ್ಪ ಅವಳು ಮಾಡಬೇಕು, ಅದನ್ನು ತಟ್ಟಿ ಇವನು ನಾದ ಹೊರಡಿಸಬೇಕು, ಇಬ್ಬರೂ ಸೇರಿ ಪ್ರದರ್ಶನ ಇಡಬೇಕು. ನಾನು ಮೂಗು ಮುರಿದೆ. ದೊಡ್ಡಮ್ಮ ಬೆಣ್ಣೆಯ ಹಾಗೆ ಕರಗಿದಳು. ಸೊಂಟದೆತ್ತರದ ಹನ್ನೆರಡು ಶಿಲ್ಪಕ್ಕೆ ಆರು ತಿಂಗಳು ಹಿಡಿಯಿತು. ಶಿಲ್ಪದ ಮೈ ಒಂದು ಕೂದಲೆಳೆಯಷ್ಟು ಹೆಚ್ಚು ದಪ್ಪವಾದರೂ ನಾದ ಕೆಡುತ್ತದೆಂದು ಹಸಿಯಲ್ಲೇ ಕೆರೆದೂ ಕೆರೆದೂ ಬೆರಳ ತುದಿ ಸವೆಸಿಕೊಂಡಳು.

ಹನ್ನೊಂದು ಟಣ್ ಅಂದವು. ಹನ್ನೆರಡನೆಯದು ಬೊದ್. ಅವಳು ಸುತ್ತಿಗೆ ಎತ್ತಿದಳು, ಇವನು ಅಡ್ಡ ಬಂದ.

"ಬೇಡಮ್ಮಾ! ಇದರ ದನೀಲಿ ಎಂಥಾ ನೋವಿದೆ!"

"ನೋವಲ್ಲಪ್ಪಾ, ಬಿರುಕು."

"ರೆಕಾರ್ಡ್ ಮಾಡ್ಕೊಂಡು ನಾನೇ ಒಡೆದುಹಾಕ್ತೀನಿ. ನಿಮ್ಮಾಣೆ."

ಪ್ರದರ್ಶನದ ದಿನ ನೋಡಿದರೆ, ನಟ್ಟನಡುವೆ ದೀಪದ ಕೆಳಗೆ ಆ ಒಡಕೇ ಮೆರೆಯುತ್ತಿತ್ತು. ಬುಡದಲ್ಲಿ ಅಂಗೈ ಅಗಲದ ಅಕ್ಷರದಲ್ಲಿ ದೊಡ್ಡಮ್ಮನ ಹೆಸರು. ಉಳಿದ ಹನ್ನೊಂದು ಗೋಡೆಗೆ ಒರಗಿದ್ದವು. ಒಂದೊಂದರ ಹೊಟ್ಟೆಗೂ ಸ್ಪೀಕರು ತುರುಕಿ, ಎಲ್ಲದರಿಂದಲೂ ಅದೇ 'ಬೊದ್, ಬೊದ್' ಕೇಳಿಸುತ್ತಿದ್ದ. ಜನ ಕಣ್ಣು ಮುಚ್ಚಿ ತಲೆದೂಗುತ್ತಿದ್ದರು.

ದೊಡ್ಡಮ್ಮ ನೆಟ್ಟಗೆ ನಡುವಿಗೆ ನಡೆದಳು. ಎರಡೂ ಕೈ ಕೊಟ್ಟು ಒಡಕನ್ನು ನೂಕಿದಳು. ಚೂರು ಬಾಗಿಲವರೆಗೂ ಸಿಡಿಯಿತು. ಅವನು ಓಡಿ ಬಂದ. ಕೂಗಾಡುತ್ತಾನೆ ಅಂದುಕೊಂಡೆ.

"ಅದ್ಭುತ ಅಮ್ಮಾ! ಛೇ, ಮೈಕ್ ಆಫ್ ಆಗಿತ್ತು. ಇನ್ನೊಂದ್ಸಲ ಒಡೀತೀರಾ? ಇನ್ನೂ ಹನ್ನೊಂದಿದಾವಲ್ಲ!"

ಥೂ, ಇವನ ಜನ್ಮಕ್ಕಿಷ್ಟು! ಆದರೆ ದೊಡ್ಡಮ್ಮ ಆಗಲೇ ಗೋಡೆಯ ಕಡೆ ನಡೆದಿದ್ದಳು. ಸ್ಪೀಕರು ಕಿತ್ತೆಸೆದು ಒಂದೊಂದನ್ನೂ ತಟ್ಟಿದಳು. ವೈರು ಎಳೆಯಲು ಅವನು ಎಲ್ಲದರ ಬುಡವನ್ನೂ ಕೊರೆದಿದ್ದ. ತೂತಿನಿಂದ ಬಿರುಕು ಹಬ್ಬಿತ್ತು. ಹನ್ನೊಂದೂ ಬೊದ್ ಅಂದವು.

ಅವನು ಮೈಕ್ ಆನ್ ಮಾಡಿ, ಅವಳ ಕೈಯ ಹತ್ತಿರ ಹಿಡಿದು ನಿಂತ.

"ಮೊದ್ಲು ಆ ಮೈಕ್ ಒಡಿ," ಅಂದಳು ದೊಡ್ಡಮ್ಮ ನನಗೆ. "ಆಮೇಲೆ ಈ ಹನ್ನೊಂದನ್ನ ನಾನು ನೋಡ್ಕೋತೀನಿ."